ಎಂಜಿಬಿ ಸೀಟು ಬಿಚ್ಚಿ ಹೊಸದಾಗಿ ಕಟ್ಟೋದು: ಮಾತಾಡಿದ್ದನ್ನ ಬರೆದಿಟ್ಟಿದ್ದು

ಎಂಜಿಬಿ ಅಂದ್ರೆ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು. ಇದು ಇಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಕಡೆ ಹಳೇ ಕಾರಿನ ಹುಚ್ಚಿರೋ ಕನ್ನಡದವರ ಮುಂದೆ ಮಾತಾಡಿದ್ದು. ಆವತ್ತು ಬರೋಕಾಗದೇ ಇದ್ದೋರು ಬರೆದು ಕಳಿಸಿ ಅಂದ್ರು, ಅದಕ್ಕೆ ಹೆಚ್ಚುಕಮ್ಮಿ ಆಡಿದ ಹಾಗೇ ಬರೀತಿದ್ದೀನಿ. ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೀನಿ.

ಎಲ್ಲರಿಗೂ ನಮಸ್ಕಾರ. ಸೀಟ್ ಮಾಡಿಸ್ಬೇಕು ಅಂತ ಯಾರಾದ್ರೂ ಫೋನ್ ಮಾಡಿದ್ರೆ ಮೊದಲ ಮಾತೇ ಬಣ್ಣದ್ದು, ಕಪ್ಪು ಹಾಕಿಸ್ಲಾ ಕೆಂಪು ಹಾಕಿಸ್ಲಾ, ಪೈಪಿಂಗ್, ಅಂದ್ರೆ ಅಂಚಿನ ಹೊಲಿಗೆಗೆ ಕೂಡಿಸೋ ದುಂಡನೆ ಪಟ್ಟಿ, ಬಿಳಿ ಇರ್ಲಾ ಅಂತ. ಚರ್ಮ ಒಳ್ಳೇದು ಯಾವುದು ಅಂತ ಎರಡನೇ ಮಾತು. ಒಳಗೆ ಏನಿದೆ, ಅದು ಯಾವ ಸ್ಥಿತೀಲಿದೆ ಅಂತ ಕೇಳೋರು ತುಂಬಾ ಕಮ್ಮಿ. ನಾನು ಇವತ್ತು ಹೇಳೋಕೆ ಬಂದಿರೋದು ಅದನ್ನೇ, ಸ್ಪೋರ್ಟ್ಸ್ ಕಾರಿನ ಸೀಟು ಕಾರಿನ ಸಸ್ಪೆನ್ಶನ್ ಥರಾನೇ ಒಂದು ಕೆಲಸ ಮಾಡೋ ಭಾಗ, ಹಿಂದಿನ ಚಕ್ರ ಜಾರೋಕೆ ಶುರುವಾದಾಗ ಸ್ಟೀರಿಂಗಿಗಿಂತ ಮುಂಚೆ ಅದು ಗೊತ್ತಾಗೋದು ಸೊಂಟಕ್ಕೆ, ಸೊಂಟಕ್ಕೆ ಆ ಸುದ್ದಿ ತಲುಪಿಸೋದು ಸೀಟು. ಒಳಗಿನ ಫೋಮು ಸತ್ತು ಕೆಳಗಿನ ಪಟ್ಟಿ ಜೋತುಬಿದ್ದಿದ್ರೆ ಮೇಲೆ ಎಷ್ಟೇ ಚೆನ್ನಾಗಿರೋ ಚರ್ಮ ಹಾಕಿದ್ರೂ ಕಾರು ಮೊದಲಿನ ಹಾಗೆ ಓಡಲ್ಲ, ಓಡ್ಸೋರಿಗೆ ಅಂತೂ ಆ ಅನುಭವ ಸಿಗಲ್ಲ.

ಉದಾಹರಣೆಗೆ ಎಂಜಿಬಿ ತಗೋತೀನಿ, ಯಾಕಂದ್ರೆ ಅದು ನಮ್ಮ ಪಕ್ಕದ ಆಬಿಂಗ್ಡನ್‌ನಲ್ಲೇ ಹುಟ್ಟಿದ್ದು, ನಾನು ಕೈಯಾರೆ ಜಾಸ್ತಿ ಬಿಚ್ಚಿರೋದೂ ಅದರ ಸೀಟುಗಳನ್ನೇ. ಬಟ್ಟೆ ಛಾವಣಿ ಮಡಚಿಡೋ ತೆರೆದ ಕಾರಾಗಿ 1962ರಲ್ಲಿ ಬಂತು. ಸಿಡ್ ಎನೆವರ್ ಚೀಫ್ ಎಂಜಿನಿಯರ್, ಬಾಡಿ ಡಿಸೈನ್‌ನಲ್ಲಿ ಡಾನ್ ಹೇಟರ್, ಫ್ಯಾಕ್ಟರಿ ನೋಡ್ಕೊಳ್ತಿದ್ದಿದ್ದು ಜಾನ್ ಥಾರ್ನ್‌ಲಿ. ಹಿಂದೆ ಗಾಜಿನ ಬಾಗಿಲಿರೋ ಜಿಟಿ 1965ರಲ್ಲಿ ಬಂತು. 1980ರ ಅಕ್ಟೋಬರಲ್ಲಿ ಫ್ಯಾಕ್ಟರಿ ಮುಚ್ಚೋ ಹೊತ್ತಿಗೆ ಎರಡೂ ಸೇರಿ 5 ಲಕ್ಷಕ್ಕಿಂತ ಜಾಸ್ತಿ ಕಾರು ಹೊರಗೆ ಬಂದಿದ್ವು. ಅಷ್ಟು ಕಾರು ಇರೋದ್ರಿಂದಾನೇ ಇವತ್ತಿಗೂ ಇದರ ಹೆಚ್ಚುಕಮ್ಮಿ ಎಲ್ಲಾ ಸಾಮಾನೂ ಸಿಗುತ್ತೆ, ಪೂರ್ತಿ ಬಾಡಿ ಶೆಲ್ ಕೂಡ 1988ರಿಂದ ಹೊಸದಾಗಿ ಮಾಡ್ತಿದ್ದಾರೆ.

ಸೀಟು ಮಾತ್ರ ಈ ಹದಿನೆಂಟು ವರ್ಷ ಒಂದೇ ಥರ ಇರ್ಲಿಲ್ಲ. ಮೊದಮೊದಲ ಕಾರುಗಳಲ್ಲಿ ಮೈ ತಾಗೋ ಕಡೆ ಮಾತ್ರ ನಿಜವಾದ ಚರ್ಮ, ಪಕ್ಕ ಮತ್ತೆ ಬೆನ್ನ ಹಿಂಭಾಗಕ್ಕೆಲ್ಲ ಅದೇ ಬಣ್ಣದ ವಿನೈಲು (ಚರ್ಮದ ಹಾಗೆ ಕಾಣೋ ಪ್ಲಾಸ್ಟಿಕ್ ಹೊದಿಕೆ), ಮಧ್ಯದಲ್ಲಿ ಪ್ಲೀಟು, ಅಂದ್ರೆ ಸಾಲಾಗಿ ಹೊಲಿದ ಉದ್ದುದ್ದ ಉಬ್ಬು, ಅಂಚಲ್ಲಿ ಬೇರೆ ಬಣ್ಣದ ಪೈಪಿಂಗು. ಪೂರ್ತಿ ಚರ್ಮದ ಸೀಟು ಅಂತ ಜನ ಅಂದ್ಕೊಂಡಿರ್ತಾರೆ, ಹಾಗೇ ಮಾಡಿಸ್ತಾರೆ ಕೂಡ, ಅದು ಅವರಿಷ್ಟ, ಆದ್ರೆ ಫ್ಯಾಕ್ಟರಿಯಿಂದ ಬಂದಿದ್ದು ಹಾಗಲ್ಲ. 1970ರ ಮಾಡೆಲ್ ಹೊತ್ತಿಗೆ, ಅಂದ್ರೆ ಎಂಜಿ ಬ್ರಿಟಿಷ್ ಲೇಲ್ಯಾಂಡ್ ಅನ್ನೋ ದೊಡ್ಡ ಕಂಪನಿ ಕೈಗೆ ಹೋದ ಮೇಲೆ, ಚರ್ಮ ಹೋಗಿ ವಿನೈಲ್ ಬಂತು, ಹಿಂದಕ್ಕೆ ಒರಗೋ ಸೀಟು ಬಂತು. ಕೊನೇ ವರ್ಷಗಳಲ್ಲಿ ಇಂಗ್ಲೆಂಡಿನ ಕಾರುಗಳಿಗೆ ಪಟ್ಟೆಪಟ್ಟೆ ನೈಲಾನ್ ಬಟ್ಟೆ, ಬೀಚಲ್ಲಿ ಹಾಕೋ ಮಡಚೋ ಬಟ್ಟೆ ಕುರ್ಚಿ ಥರ ಕಾಣುತ್ತೆ ಅಂತ ಅದನ್ನ ಇಲ್ಲಿನವರು ಡೆಕ್‌ಚೇರ್ ಸೀಟು ಅಂತಾರೆ. ಬಹಳ ಜನಕ್ಕೆ ಅದು ಇಷ್ಟ ಆಗಲ್ಲ, ಕಿತ್ತು ಕಪ್ಪು ಚರ್ಮ ಹಾಕಿಸಿಬಿಡ್ತಾರೆ. ನನಗೆ ಅದು ನೋಡಿ ಬೇಜಾರಾಗುತ್ತೆ. ಎಪ್ಪತ್ತರ ದಶಕದ ಆ ಪಟ್ಟೆ ಆ ಕಾಲದ್ದೇ ಗುರುತು, ಹೀಗೆ ಕಿತ್ತು ಕಿತ್ತು ಈಗ ಒಳ್ಳೇ ಸ್ಥಿತೀಲಿರೋ ಒರಿಜಿನಲ್ ಡೆಕ್‌ಚೇರ್ ಸೀಟು ಹುಡುಕೋದೇ ಕಷ್ಟ.

ನಿಮ್ಮ ಕಾರು ಹೊರಗೆ ಬಂದಾಗ ಯಾವ ಬಣ್ಣದ ಸೀಟಿತ್ತು ಅಂತ ಗೊತ್ತಿಲ್ಲ ಅಂದ್ರೆ ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟರ್ ಮ್ಯೂಸಿಯಂಗೆ ಬರೆದು ಹೆರಿಟೇಜ್ ಸರ್ಟಿಫಿಕೇಟ್ ತರಿಸ್ಕೊಳ್ಳಿ, ಫ್ಯಾಕ್ಟರಿ ಲೆಡ್ಜರ್ ನೋಡಿ ಬಾಡಿ ಬಣ್ಣ ಟ್ರಿಮ್ (ಒಳಗಿನ ಹೊದಿಕೆ) ಬಣ್ಣ ಎರಡೂ ಕೊಡ್ತಾರೆ. ಬಣ್ಣದ ಚರ್ಚೆ ಇಲ್ಲಿಗೆ ಸಾಕು.

ಈಗ ಒಳಗೆ ಹೋಗೋಣ. ಮೊದಲ ಮಾದರಿ ಸೀಟಿನ ಕೆಳಗೆ ಸ್ಪ್ರಿಂಗ್ ಇಲ್ಲ, ಉಕ್ಕಿನ ಫ್ರೇಮಿಗೆ ಅಡ್ಡಡ್ಡ ಎಳೆದು ಸಿಕ್ಕಿಸಿರೋ ರಬ್ಬರ್ ಪಟ್ಟಿಗಳಿವೆ. ಇದು ಪಿರೆಲ್ಲಿ ವೆಬ್ಬಿಂಗ್, ಎರಡು ರಬ್ಬರ್ ಪದರ, ಜೊತೆಗೆ ಓರೆಯಾಗಿ ಕೂರಿಸಿದ ದಾರದ ಪದರ, ಹಾಗಾಗಿ ಹಿಗ್ಗುತ್ತೆ ಆದ್ರೆ ಒಂದು ಮಟ್ಟಕ್ಕಿಂತ ಜಾಸ್ತಿ ಹಿಗ್ಗಲ್ಲ. ಅದೇ ಕಾಲದ ಎರ್ಕೋಲ್ ಮರದ ಕುರ್ಚಿಗಳಲ್ಲೂ ಇದೇ ಪಟ್ಟಿ, ಇಲ್ಲಿ ಹಳೇ ಮನೆಗಳಲ್ಲಿ ಈಗಲೂ ನೋಡಬಹುದು. ಆಮೇಲಿನ ಸೀಟುಗಳಲ್ಲಿ ಪಟ್ಟಿ ಬದಲು ಒಂದೇ ರಬ್ಬರ್ ಹಾಳೆ, ಡಯಾಫ್ರಾಮ್ ಅಂತಾರೆ, ಸುತ್ತ ತಂತಿಯ ಕೊಕ್ಕೆ ಹಾಕಿ ಫ್ರೇಮಿಗೆ ಎಳೆದು ಕಟ್ಟಿರ್ತಾರೆ. ಅದರ ಮೇಲೆ ಫೋಮು.

ಹಳೇ ಫೋಮು ಅಂದ್ರೆ ಲೇಟೆಕ್ಸ್, ರಬ್ಬರ್ ಮರದ ಹಾಲನ್ನ ನೊರೆ ಬರಿಸಿ ಅಚ್ಚಲ್ಲಿ ಬೇಯಿಸಿದ್ದು, ಡನ್‌ಲಪ್ ಕಂಪನಿಯವರು 1929ರಲ್ಲಿ ಕಂಡುಹಿಡಿದಿದ್ದು. ಹೊಸದಿದ್ದಾಗ ಅದರಷ್ಟು ಒಳ್ಳೇ ಕುಶನ್ ಇನ್ನೊಂದಿಲ್ಲ ಅಂತ ನಾನು ಈಗಲೂ ಹೇಳ್ತೀನಿ. ಆದ್ರೆ ಗಾಳಿಯ ಆಕ್ಸಿಜನ್ನು, ಬಿಸಿಲು, ಶಾಖ ಸೇರ್ಕೊಂಡು ಅದನ್ನ ತಿಂದುಹಾಕ್ತವೆ, ಮೊದಲು ಮೇಲ್ಪದರ ಗಟ್ಟಿಯಾಗಿ ಬಿರುಕುಬಿಡುತ್ತೆ, ಆಮೇಲೆ ಒಳಗೆಲ್ಲ ಉದುರುತ್ತೆ. ಸೀಟ್ ಎತ್ತಿದಾಗ ಕಾರ್ಪೆಟ್ ಮೇಲೆ ಹಳದಿ ರವೆ ಚೆಲ್ಲಿದ ಹಾಗೆ ಕಂಡ್ರೆ ಕವರು ಎಷ್ಟೇ ಚೆನ್ನಾಗಿದ್ರೂ ಒಳಗೆ ಮುಗೀತು ಅಂತ ಅರ್ಥ. ಆಗ ಏನಾಗುತ್ತೆ ಅಂದ್ರೆ ನೀವು ಒಂದೂವರೆ ಎರಡು ಇಂಚು ಕೆಳಗೆ ಕೂತಿರ್ತೀರ, ಬಾನೆಟ್ ತುದಿ ಕಾಣಲ್ಲ, ಕ್ಲಚ್ ಒತ್ತೋಕೆ ಕಾಲನ್ನ ಮೇಲಕ್ಕೆತ್ತಬೇಕು, ತೊಡೆಯ ಕೆಳಗೆ ಫ್ರೇಮಿನ ಮುಂದಿನ ಕಂಬಿ ಒತ್ತುತ್ತೆ, ಅರ್ಧ ಗಂಟೆ ಓಡ್ಸಿದ್ರೆ ಸೊಂಟ ನೋವು. ಜನ ಅದನ್ನ ಹಳೇ ಕಾರು ಅಂದ್ರೆ ಹೀಗೇನೇ ಅಂತ ಸಹಿಸ್ಕೊಂಡು ಇರ್ತಾರೆ. ಹಾಗಲ್ಲ, ಕಾರು ಹೊಸದಿದ್ದಾಗ ಹೀಗಿರ್ಲಿಲ್ಲ.

ಸೀಟು ಹೊರಗೆ ತೆಗಿಯೋದು ಸುಲಭ ಅಂತ ಕಾಣುತ್ತೆ, ರನ್ನರಿಗೆ (ಸೀಟು ಹಿಂದೆ ಮುಂದೆ ಜಾರೋ ಕಂಬಿ) ನಾಲ್ಕೇ ಬೋಲ್ಟು, 5/16 ಇಂಚಿನದು, ಯುಎನ್‌ಎಫ್ ಅನ್ನೋ ಥ್ರೆಡ್ಡು, ಅರ್ಧ ಇಂಚಿನ ಸ್ಪ್ಯಾನರು ಸಾಕು. ಸೀಟು ಹಿಂದಕ್ಕೆ ತಳ್ಳಿ ಮುಂದಿನದು, ಮುಂದಕ್ಕೆಳೆದು ಹಿಂದಿನದು. ಆದ್ರೆ ಈ ಬೋಲ್ಟುಗಳು ಕೂತಿರೋ ನಟ್ಟು ಫ್ಲೋರಿಗೇ ವೆಲ್ಡ್ ಆಗಿರೋದು, ತುಕ್ಕು ಹಿಡಿದಿದ್ದಾಗ ಬಲ ಹಾಕಿದ್ರೆ ನಟ್ಟು ಒಳಗೇ ಕಿತ್ಕೊಂಡು ಸುತ್ತೋಕೆ ಶುರುವಾಗುತ್ತೆ, ಆಮೇಲೆ ಕಾರು ಎತ್ತಿ ಕೆಳಗಿಂದ ಕತ್ತರಿಸೋದು ಬಿಟ್ರೆ ಬೇರೆ ದಾರಿ ಇಲ್ಲ, ಅದಕ್ಕೆ ಹಿಂದಿನ ದಿನ ಸಂಜೆನೇ ಕೆಳಗಡೆಯಿಂದ ಪೆನಟ್ರೇಟಿಂಗ್ ಆಯಿಲ್ ಹಾಕಿಬಿಡಿ. ರನ್ನರ್ ಕೆಳಗೆ ಮರದ ಪಟ್ಟಿಗಳಿರ್ತವೆ, ಕೊಳೆತಿದ್ರೆ ಬದಲಾಯಿಸಿ, ಆದ್ರೆ ಅದೇ ದಪ್ಪದ್ದು ಹಾಕಿ, ಯಾಕಂದ್ರೆ ಕೂರೋ ಎತ್ತರ ಅದರ ಮೇಲೂ ನಿಂತಿದೆ. ಸೀಟು ಹೊರಗಿರುವಾಗ್ಲೇ ಫ್ಲೋರ್ ನೋಡ್ಕೊಳ್ಳಿ. ತೂತಾಗಿರೋ ಫ್ಲೋರ್ ಮೇಲೆ ಹೊಸ ಚರ್ಮದ ಸೀಟು ಕೂರಿಸಿರೋದನ್ನ ನಾನು ನೋಡಿದ್ದೀನಿ.

ಕವರ್ ಬಿಚ್ಚೋದು ಈ ಕೆಲಸದಲ್ಲಿ ಅತಿ ಮುಖ್ಯವಾದ ಘಟ್ಟ, ಇಲ್ಲಿ ಅವಸರ ಮಾಡಿದ್ರೆ ಮುಂದೆ ಎಲ್ಲಾ ಕಷ್ಟ. ಅಂಚು ಫ್ರೇಮಿಗೆ ಸ್ಪ್ರಿಂಗ್ ಸ್ಟೀಲಿನ ಚಿಕ್ಕ ಕ್ಲಿಪ್‌ಗಳಲ್ಲಿ ಸಿಕ್ಕಿಸಿರುತ್ತೆ, ಚಪ್ಪಟೆ ಸ್ಕ್ರೂಡ್ರೈವರಲ್ಲಿ ಒಂದೊಂದೇ ಎಬ್ಬಿಸಬೇಕು. ಬೇರೆ ಕೆಲವು ಕಾರುಗಳಲ್ಲಿ ಹಾಗ್ ರಿಂಗ್ ಅಂತ ತಂತಿಯ ಉಂಗುರ ಇರುತ್ತೆ, ಅದನ್ನ ಕಟರಲ್ಲಿ ತುಂಡು ಮಾಡಿ ತೆಗೀತಾರೆ. ಪ್ರತಿ ಹಂತಕ್ಕೂ ಫೋಟೋ ತೆಗೀರಿ, ಯಾವ ಅಂಚು ಯಾವುದರ ಮೇಲೆ ಬಂದಿದೆ ಅನ್ನೋದು ಕಾಣೋ ಹಾಗೆ ಹತ್ತಿರದಿಂದ. ಕವರು ಬಂದ ಮೇಲೆ ಹೊಲಿಗೆ ಬಿಚ್ಚೋಕೆ ಮುಂಚೆ ಚಾಕ್‌ಪೀಸಲ್ಲಿ ಎರಡು ತುಂಡು ಕೂಡೋ ಕಡೆ ಅಡ್ಡಗೆರೆ ಹಾಕ್ಕೊಂಡು ಹೋಗಿ, ಮೂರು ಇಂಚಿಗೊಂದು, ತಿರುವಲ್ಲಿ ಇನ್ನೂ ಹತ್ತಿರ. ಈ ಗೆರೆಗಳೇ ಮುಂದೆ ಹೊಸ ತುಂಡುಗಳನ್ನ ಸರಿಯಾಗಿ ಕೂಡಿಸೋದು, ಇಲ್ಲಾಂದ್ರೆ ಹೊಲಿಗೆ ಕೊನೆ ಮುಟ್ಟೋ ಹೊತ್ತಿಗೆ ಒಂದು ಕಡೆ ಅರ್ಧ ಇಂಚು ಉಳ್ಕೊಂಡಿರುತ್ತೆ. ಆಮೇಲೆ ಪ್ರತಿ ತುಂಡಿನ ಹಿಂದೆ ಎಡ, ಬಲ, ಮೇಲೆ, ಮುಂದೆ ಅಂತ ಬರೀರಿ.

ಒಂದು ವಿಷಯ ಇಲ್ಲಿ. ಪ್ಯಾಟರ್ನ್, ಅಂದ್ರೆ ಹೊಸ ತುಂಡು ಕತ್ತರಿಸೋಕೆ ಅಳತೆ, ತೆಗಿಯೋಕೆ ಡ್ರೈವರ್ ಸೀಟಿನ ಕವರ್ ಬಳಸಬೇಡಿ, ಪಕ್ಕದ ಸೀಟಿಂದು ಬಳಸಿ. ಡ್ರೈವರ್ ಸೀಟಿನ ಚರ್ಮ ಐವತ್ತು ವರ್ಷ ಒಬ್ಬರ ಭಾರಕ್ಕೆ ಹಿಗ್ಗಿರುತ್ತೆ, ಬಾಗಿಲ ಕಡೆಯ ಉಬ್ಬು ಇಳಿಯೋವಾಗ ಹತ್ತೋವಾಗ ಉಜ್ಜಿ ಉಜ್ಜಿ ಆಕಾರ ಕಳ್ಕೊಂಡಿರುತ್ತೆ, ಅದನ್ನೇ ಅಳತೆ ಮಾಡಿ ಕತ್ತರಿಸಿದ್ರೆ ಹೊಸ ಕವರಲ್ಲೂ ಹಳೇ ಸುಕ್ಕು ಬರುತ್ತೆ. ಪಕ್ಕದ ಸೀಟು ಫ್ಯಾಕ್ಟರಿ ಅಳತೆಗೆ ಹತ್ತಿರ ಇರುತ್ತೆ, ಅದನ್ನ ತಿರುಗಿಸಿ ಹಾಕಿದ್ರೆ ಇನ್ನೊಂದು ಸೀಟಿಗೂ ಆಯ್ತು.

ಫ್ರೇಮ್ ಬರಿದಾದ ಮೇಲೆ ತುಕ್ಕು ಉಜ್ಜಿ ತೆಗೆದು ವೆಲ್ಡ್ ಕೂಡೋ ಜಾಗಗಳನ್ನ ಟಾರ್ಚ್ ಹಿಡಿದು ನೋಡಿ, ಬೆನ್ನಿನ ಭಾಗ ಕೆಳಗೆ ಸೇರೋ ಕಡೆ ಕೂದಲೆಳೆ ಬಿರುಕು ಇದ್ರೆ ಈಗಲೇ ವೆಲ್ಡ್ ಮಾಡಿಸಿ, ಅದು ನಿಮ್ಮ ಬೆನ್ನನ್ನ ಹಿಡಿದಿಟ್ಕೊಳ್ಳೋ ಜಾಗ. ಪೇಂಟ್ ಹೊಡೀರಿ. ಹೊಸ ವೆಬ್ಬಿಂಗ್ ಹಾಕೋವಾಗ ಪಟ್ಟಿಯನ್ನ ಅದರ ಉದ್ದದ ಹತ್ತನೇ ಒಂದು ಭಾಗದಷ್ಟು ಎಳೆದು ಸಿಕ್ಕಿಸಬೇಕು, ಸಡಿಲ ಬಿಟ್ರೆ ತಿಂಗಳಲ್ಲಿ ಜೋತುಬೀಳುತ್ತೆ, ಬಿಗಿ ಜಾಸ್ತಿ ಮಾಡಿದ್ರೆ ಹಲಗೆ ಮೇಲೆ ಕೂತಂಗಾಗುತ್ತೆ, ಎಲ್ಲಾ ಪಟ್ಟಿಗೂ ಒಂದೇ ಎಳೆತ ಇರಬೇಕು.

ಫೋಮು. ಇಲ್ಲಿ ಜನ ತುಂಬಾ ಆಸೆ ಪಡ್ತಾರೆ, ಹೆಂಗೂ ಬಿಚ್ಚಿದ್ದೀವಲ್ಲ ಇನ್ನೊಂದಿಂಚು ದಪ್ಪ ಹಾಕಿಬಿಡಿ ಮೆತ್ತಗಿರ್ಲಿ ಅಂತ. ದಯವಿಟ್ಟು ಬೇಡ. ಎಂಜಿಬಿ ಒಳಗೆ ಜಾಗ ಇರೋದೇ ಅಷ್ಟು, ಒಂದಿಂಚು ಮೇಲೆ ಬಂದ್ರೆ ಹುಡ್ (ಬಟ್ಟೆಯ ಛಾವಣಿ) ಹಾಕಿದಾಗ ತಲೆ ಬಟ್ಟೆಗೆ ತಾಗುತ್ತೆ, ತೊಡೆ ಸ್ಟೀರಿಂಗ್ ಕೆಳಗೆ ಸಿಕ್ಕಿಕೊಳ್ಳುತ್ತೆ, ಕಣ್ಣು ಗಾಜಿನ ಮೇಲಂಚಿನ ಮಟ್ಟಕ್ಕೆ ಬಂದುಬಿಡುತ್ತೆ. ಸರಿಯಾದ ಆಕಾರದಲ್ಲಿ ಅಚ್ಚು ಹಾಕಿದ ಫೋಮ್ ಸಿಗುತ್ತೆ, ಅದನ್ನೇ ತಗೊಳ್ಳಿ. ಸಿಗದೇ ಇರೋ ಕಾರಾದ್ರೆ ಹಾಳೆ ಫೋಮು ಕತ್ತರಿಸಿ ಅಂಟಿಸಬೇಕು, ಕೂರೋ ಜಾಗಕ್ಕೆ ಸಾಂದ್ರತೆ ಜಾಸ್ತಿ ಇರೋದು, ಪಕ್ಕದ ಉಬ್ಬಿಗೆ ಇನ್ನೂ ಗಟ್ಟಿ, ಬೆನ್ನಿಗೆ ಮೆತ್ತಗಿಂದು. ಸೋಫಾ ಅಂಗಡಿಯ ಅಗ್ಗದ ಫೋಮು ಬೇಡ, ಬೇಗ ಕುಸಿಯುತ್ತೆ, ಬೆಂಕಿ ವಿಷಯದಲ್ಲೂ ನಂಬೋ ಹಾಗಿಲ್ಲ. ಅಮೆರಿಕದಲ್ಲಿ 1972ರಿಂದ ಕಾರಿನ ಒಳಗಿನ ಸಾಮಾನು ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಉರಿಯಬಾರದು ಅಂತ ನಿಯಮ ಇದೆ, ಫೋಮು ವಿನೈಲು ಕೊಳ್ಳೋವಾಗ ಆ ಟೆಸ್ಟ್ ಪಾಸಾಗಿದ್ಯಾ ಅಂತ ಕೇಳಿ, ಒಳ್ಳೇ ವ್ಯಾಪಾರಿ ಹತ್ರ ಕಾಗದ ಇರುತ್ತೆ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಜರ್ಮನ್ ಕಾರುಗಳಲ್ಲಿ ಫೋಮ್ ಬದಲು ರಬ್ಬರ್ ಹಾಕಿದ ಕುದುರೆ ಕೂದಲು, ತೆಂಗಿನ ನಾರು ಇರ್ತಿತ್ತು, ನಮ್ಮ ತಿಪಟೂರು ಕಡೆಯವರಿಗೆ ನಾರಿನ ಹಾಸಿಗೆ ಗೊತ್ತಿರುತ್ತಲ್ಲ, ಅದೇ ಜಾತಿ. ಅಂಥ ಸೀಟಿಗೆ ಅದನ್ನೇ ಹಾಕ್ಬೇಕು, ಗಾಳಿ ಆಡೋ ರೀತಿನೇ ಬೇರೆ.

ಈಗ ಚರ್ಮ. ಇಂಗ್ಲಿಷ್ ಕಾರಿನ ಚರ್ಮ ಅಂದ್ರೆ ಕಾನಲಿ ಅನ್ನೋ ಹೆಸರು ಬಂದೇ ಬರುತ್ತೆ, 1878ರಲ್ಲಿ ಲಂಡನ್ನಲ್ಲಿ ಶುರುವಾದ ಮನೆತನದ ಕಂಪನಿ, ರೋಲ್ಸ್‌ರಾಯ್ಸ್, ಜಾಗ್ವಾರ್, ಆಸ್ಟನ್ ಮಾರ್ಟಿನ್, ಫೆರಾರಿ ಎಲ್ಲರಿಗೂ ಕೊಡ್ತಿದ್ರು. 2002ರಲ್ಲಿ ಅವರ ಚರ್ಮದ ಕಾರ್ಖಾನೆ ನಿಂತೋಯ್ತು. ಈಗ ಬೇರೆಯವರು ಅದೇ ಥರದ ಗ್ರೇನು, ಅದೇ ಬಣ್ಣ ಮಾಡಿ ಕೊಡ್ತಾರೆ. ಒಂದು ಪೂರ್ತಿ ಹೈಡ್, ಅಂದ್ರೆ ಒಂದು ದನದ ಇಡೀ ಚರ್ಮ, ಸುಮಾರು 50 ಚದರಡಿ, ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಅಷ್ಟು ದೊಡ್ಡದಲ್ವಾ ಎರಡು ಸೀಟಿಗೆ ಬೇಕಾದಷ್ಟಾಯ್ತು ಅಂತ ಅನ್ಸುತ್ತೆ, ಟೇಬಲ್ ಮೇಲೆ ಹರಡಿದಾಗ ಗೊತ್ತಾಗುತ್ತೆ ಎಷ್ಟು ಜಾಗ ಬಳಸೋಕಾಗಲ್ಲ ಅಂತ.

ನಾನು ಹೈಡ್ ಹರಡೋದು ಕಿಟಕಿ ಪಕ್ಕ, ಬೆಳಕು ಓರೆಯಾಗಿ ಬೀಳೋ ಹಾಗೆ. ಮೇಲಿಂದ ಲೈಟ್ ಬಿಟ್ರೆ ಎಲ್ಲಾ ನುಣ್ಣಗೆ ಕಾಣುತ್ತೆ, ಓರೆ ಬೆಳಕಲ್ಲಿ ಪ್ರಾಣಿಯ ಇಡೀ ಜೀವನ ಕಾಣುತ್ತೆ, ಮುಳ್ಳುತಂತಿ ಗೀರಿದ ಗುರುತು, ಉಣ್ಣಿ ಹುಳ ಕಚ್ಚಿದ ಚುಕ್ಕಿ, ಕತ್ತಿನ ಹತ್ರ ಅಡ್ಡ ಸುಕ್ಕು. ಯೂರೋಪಿನ ಉತ್ತರದ ಹೋರಿ ಚರ್ಮಕ್ಕೆ ಬೆಲೆ ಜಾಸ್ತಿ ಯಾಕಂದ್ರೆ ಚಳಿಗೆ ಹುಳ ಕಮ್ಮಿ, ಹೋರಿ ಕರು ಹಾಕಲ್ಲ ಹಾಗಾಗಿ ಹೊಟ್ಟೆ ಭಾಗ ಹಿಗ್ಗಿರಲ್ಲ. ಆಮೇಲೆ ಕಣ್ಣು ಬಿಟ್ಟು ಕೈಯಲ್ಲಿ ನೋಡ್ಬೇಕು, ಎರಡೂ ಅಂಗೈಯಲ್ಲಿ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಎಳೆದ್ರೆ ಬೆನ್ನುಮೂಳೆ ಪಕ್ಕದ ಭಾಗ ಬಿಗಿಯಾಗಿರುತ್ತೆ, ಹೊಟ್ಟೆ ಕಡೆ ಹೋದ ಹಾಗೆ ಸಡಿಲ. ಕೂರೋ ಪ್ಯಾನಲ್ಲು, ಒರಗೋ ಪ್ಯಾನಲ್ಲು ಬೆನ್ನ ಪಕ್ಕದಿಂದಲೇ ಬರಬೇಕು, ಎಡ ಬಲ ಸೀಟಿನ ಒಂದೇ ತುಂಡು ಬೆನ್ನುಮೂಳೆಯ ಆಕಡೆ ಈಕಡೆ ಎದುರುಬದುರು ಬಂದ್ರೆ ಎರಡೂ ಸೀಟು ಮುಂದೆ ಒಂದೇ ಥರ ಹಳೇದಾಗ್ತವೆ. ಹೊಟ್ಟೆ ಭಾಗ ಪೈಪಿಂಗಿಗೆ, ಕಾಣದ ಅಂಚಿಗೆ. ಗಾಯದ ಗುರುತಿನ ಸುತ್ತ ಚಾಕ್ ವೃತ್ತ ಹಾಕಿ, ಪ್ಯಾಟರ್ನ್ ತುಂಡುಗಳನ್ನ ಅಲ್ಲಿ ಇಲ್ಲಿ ಸರಿಸಿ ಸರಿಸಿ ಹೊಂದಿಸೋಕೆ ಅರ್ಧ ದಿನ ಹೋಗಬಹುದು, ಹೋಗ್ಲಿ, ಕತ್ತರಿ ಆಡಿಸೋದು ಆಮೇಲೆ ಹತ್ತು ನಿಮಿಷದ ಕೆಲಸ.

ಹೊಲಿಯೋಕೆ ಮನೆ ಮಷಿನ್ ಆಗಲ್ಲ. ವಾಕಿಂಗ್ ಫುಟ್ ಮಷಿನ್ ಬೇಕು, ಮೇಲಿನ ಪಾದ, ಕೆಳಗಿನ ಹಲ್ಲು, ಸೂಜಿ ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತೆ, ಅದಿಲ್ಲದಿದ್ರೆ ಕೆಳಗಿನ ತುಂಡು ಮುಂದೆ ಹೋಗಿ ಮೇಲಿಂದು ಹಿಂದೆ ಉಳಿಯುತ್ತೆ. ಬಾಂಡೆಡ್ ನೈಲಾನ್ ದಾರ, ಹೊಲಿಗೆ ಉದ್ದ ಮೂರೂವರೆ ನಾಲ್ಕು ಮಿಲಿಮೀಟರು. ತುಂಬಾ ಹತ್ತಿರ ಹತ್ತಿರ ಹೊಲಿದ್ರೆ ಗಟ್ಟಿ ಅಂತ ಅಲ್ಲ, ತೂತುಗಳು ಸಾಲಾಗಿ ಬಂದು ಅಲ್ಲೇ ಹರಿಯುತ್ತೆ. ಚರ್ಮದಲ್ಲಿ ಸೂಜಿ ತೂತು ಮುಚ್ಕೊಳ್ಳಲ್ಲ, ಬಟ್ಟೆ ಥರ ಬಿಚ್ಚಿ ಇನ್ನೊಂದ್ಸಲ ಹೊಲಿಯೋಕಾಗಲ್ಲ, ಹಾಗಾಗಿ ಮೊದಲು ಉಳಿಕೆ ವಿನೈಲಲ್ಲಿ ಒಂದು ಪೂರ್ತಿ ಕವರ್ ಹೊಲಿದು ಸೀಟಿಗೆ ಹಾಕಿ ನೋಡೋದು ನನ್ನ ಪದ್ಧತಿ. ಪೈಪಿಂಗ್ ತಿರುವಲ್ಲಿ ಒಳ ಅಂಚಿಗೆ ಕತ್ತರಿಯಿಂದ ಚಿಕ್ಕ ಚಿಕ್ಕ ಸೀಳು ಹಾಕಬೇಕು, ದಾರದಿಂದ ಎರಡು ಮಿಲಿಮೀಟರ್ ದೂರಕ್ಕೆ ನಿಲ್ಲಿಸಬೇಕು, ಆಗ ಅದು ಮಡಚದೆ ದುಂಡಗೆ ತಿರುಗುತ್ತೆ. ಪ್ಲೀಟಿಗೆ ಚರ್ಮದ ಹಿಂದೆ ತೆಳು ಫೋಮು, ಅದರ ಹಿಂದೆ ಬಟ್ಟೆ ಇಟ್ಟು ಗೆರೆಗೆ ಸರಿಯಾಗಿ ಹೊಲೀಬೇಕು, ಪ್ಲೀಟು ಹೊಲಿದ ಮೇಲೆ ಅಗಲ ಕಮ್ಮಿಯಾಗುತ್ತೆ ಅದಕ್ಕೆ ಆ ತುಂಡನ್ನ ದೊಡ್ಡದಾಗಿ ಕತ್ತರಿಸಿ, ಹೊಲಿದಾದ ಮೇಲೆ ಅಳತೆಗೆ ತರಬೇಕು.

ಹೊದಿಸೋದು ಇಬ್ಬರಿದ್ರೆ ಸುಲಭ. ಕವರು ಬಿಸಿಲಲ್ಲಿ ಅಥವಾ ಬೆಚ್ಚಗಿರೋ ರೂಮಲ್ಲಿ ಇಟ್ಟು ಮೆತ್ತಗಾಗ್ಲಿ, ಫೋಮ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿದ್ರೆ ಕವರ್ ಜಾರ್ಕೊಂಡು ಇಳಿಯುತ್ತೆ, ಆಮೇಲೆ ಹಾಳೆ ಎಳೆದು ತೆಗೀಬಹುದು. ಮಧ್ಯದಿಂದ ಶುರು ಮಾಡಿ ಹೊರಗೆ ಹೋಗ್ಬೇಕು, ಮೊದಲು ಮುಂದೆ ಹಿಂದೆ ಒಂದೊಂದು ಕ್ಲಿಪ್ಪು, ಆಮೇಲೆ ಪಕ್ಕ, ಮೂಲೆ ಕೊನೆಗೆ. ಸೀಟಿನ ಮೇಲೆ ಮಂಡಿ ಊರಿ ಫೋಮು ಒತ್ಕೊಂಡು ಕೆಳಗೆ ಎಳೀರಿ. ಪೈಪಿಂಗ್ ಹೊಲಿಗೆಯ ಅಂಚು ಒಳಗಡೆ ಎಲ್ಲಾ ಒಂದೇ ದಿಕ್ಕಿಗೆ ಮಲಗಿರ್ಬೇಕು, ಒಂದು ಕಡೆ ತಿರುಚಿದ್ರೂ ಹೊರಗೆ ಪೈಪಿಂಗ್ ಹಾವು ಥರ ಕಾಣುತ್ತೆ, ಕೈ ಒಳಗೆ ಹಾಕಿ ಬೆರಳಲ್ಲಿ ಸರಿ ಮಾಡ್ಕೊಂಡು ಬರ್ಬೇಕು. ಉಳಿದ ಚಿಕ್ಕ ಸುಕ್ಕಿಗೆ ಸ್ಟೀಮ್ ಸಾಕು, ಹೀಟ್ ಗನ್ ಹತ್ತಿರ ಹಿಡಿದ್ರೆ ಚರ್ಮ ಮುದುಡಿಹೋಗುತ್ತೆ.

ಇಷ್ಟೆಲ್ಲಾ ಹೇಳಿದ ಮೇಲೂ ಹೇಳ್ತೀನಿ, ಎಲ್ಲಾ ಸೀಟನ್ನೂ ಹೊಸದು ಮಾಡಬೇಕಾಗಿಲ್ಲ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ಟ್ಯೂರಿನ್ ಚಾರ್ಟರ್ ಅಂತ ಮಾಡಿದೆ, ಅದರ ಸಾರ ಅಂದ್ರೆ ಇರೋದನ್ನ ಆದಷ್ಟು ಉಳಿಸ್ಕೊಳ್ಳಿ, ಮಾಡಿದ್ದನ್ನ ದಾಖಲೆ ಮಾಡಿ. ಎಷ್ಟೋ ಸೀಟಲ್ಲಿ ಚರ್ಮ ಚೆನ್ನಾಗೇ ಇರುತ್ತೆ, ದಾರ ಮಾತ್ರ ಕೊಳೆತು ಬಿಟ್ಟಿರುತ್ತೆ, ಹಳೇ ತೂತಲ್ಲೇ ಕೈಹೊಲಿಗೆ ಹಾಕಿ, ಒಳಗೆ ಫೋಮು ವೆಬ್ಬಿಂಗ್ ಬದಲಾಯಿಸಿ, ಅದೇ ಕವರು ಮತ್ತೆ ಹಾಕಿದ್ರೆ ಸುಕ್ಕು ಬಿದ್ದ ಆ ಹಳೇ ಚರ್ಮ ಇನ್ನೂ ಇಪ್ಪತ್ತು ವರ್ಷ ಬರುತ್ತೆ. ನನ್ನ ಕೇಳಿದ್ರೆ ಇದೇ ಅತ್ಯುತ್ತಮ ಕೆಲಸ, ಹೊಸ ಹೈಡ್ ಕತ್ತರಿಸೋದಕ್ಕಿಂತ ಕೈಚಳಕ ಜಾಸ್ತಿ ಕೇಳುತ್ತೆ. ಬದಲಾಯಿಸಲೇಬೇಕು ಅಂದ್ರೆ ಹಳೇ ಕವರ್ ಎಸೀಬೇಡಿ, ಚೀಲಕ್ಕೆ ಹಾಕಿ ಚೀಟಿ ಬರೆದು ಕಾರಿನ ಜೊತೆಗೇ ಇಡಿ, ಮುಂದೆ ಕಾರು ತಗೊಳ್ಳೋರಿಗೆ ಅದು ಬೇಕಾಗುತ್ತೆ.

ಪ್ರಶ್ನೆಗಳಲ್ಲಿ ಒಬ್ಬರು ವಿನೈಲ್ ಹಾಕಿಸಿದ್ರೆ ಕೀಳಾ ಅಂತ ಕೇಳಿದ್ರು. ಖಂಡಿತ ಇಲ್ಲ, ನಿಮ್ಮ ಕಾರು 1970ರ ಆಮೇಲಿನದು, ಬಟ್ಟೆ ಸೀಟಿಂದಲ್ಲ ಅಂದ್ರೆ ವಿನೈಲೇ ಸರಿಯಾದದ್ದು, ಹುಡ್ ತೆಗೆದು ಓಡಾಡೋ ಕಾರಿಗೆ ಮಳೆ ತಡ್ಕೊಳ್ಳೋದೂ ಅದೇ. ರೆಡಿ ಕಿಟ್ ತಗೋಬಹುದಾ ಅಂತ ಇನ್ನೊಬ್ಬರು, ತಗೋಬಹುದು, ಎಂಜಿಬಿಗೆ ಒಳ್ಳೊಳ್ಳೇ ಕಿಟ್ ಇವೆ, ಆದ್ರೆ ಕಿಟ್ಟಿನ ಕವರು ಕಿಟ್ಟಿನ ಫೋಮಿಗೆ ಅಂತ ಕತ್ತರಿಸಿರೋದು, ಕುಸಿದ ಹಳೇ ಫೋಮ್ ಮೇಲೆ ಹಾಕಿ ಸಡಿಲ ಇದೆ ಅಂತ ಬೈಯಬಾರದು.

ಕೊನೇ ಪ್ರಶ್ನೆ ಊರಿನ ಬಗ್ಗೆ. ಬೆಂಗಳೂರಲ್ಲಿ ಅಪ್ಪನ ಹಳೇ ಕಾರಿದೆ, ಸೀಟು ಅಲ್ಲೇ ಮಾಡಿಸಬಹುದಾ ಅಂತ. ಮಾಡಿಸಬಹುದು, ಜೆ.ಸಿ. ರೋಡಲ್ಲಿ ಹೊಲಿಯೋ ಕೈಗಳಿಗೆ ಏನೂ ಕಮ್ಮಿ ಇಲ್ಲ, ಅವರಿಗೆ ಅಭ್ಯಾಸ ಇರೋದು ಹೊಸ ಕಾರಿನ ಸೀಟ್ ಮೇಲೆ ಇನ್ನೊಂದು ಕವರ್ ಹಾಕೋದು, ಹಾಗಾಗಿ ಮೊದಲೇ ಹೇಳ್ಬೇಕು, ಹಳೇ ಕವರ್ ಬಿಚ್ಚಿ ಅದನ್ನೇ ಅಳತೆ ಮಾಡಿ, ಎಕ್ಸ್‌ಟ್ರಾ ಫೋಮ್ ಬೇಡ, ಪ್ಲೀಟ್ ಎಷ್ಟಿತ್ತೋ ಅಷ್ಟೇ, ಹಳೇದು ನನಗೇ ವಾಪಸ್ ಬೇಕು ಅಂತ. ಚರ್ಮ ಆಂಬೂರು, ವಾಣಿಯಂಬಾಡಿ ಕಡೆ ಟ್ಯಾನರಿಗಳಿಂದ ಬರುತ್ತೆ, ನಮ್ಮ ಕಡೆ ಹೈಡ್ ಚಿಕ್ಕದು, ಒಂದೆರಡು ಜಾಸ್ತಿ ಲೆಕ್ಕ ಹಾಕ್ಕೊಳ್ಳಿ, ಬೂಟಿಗೆ ಅಂತ ಮಾಡಿದ ಚರ್ಮ ತಗೋಬೇಡಿ, ಅಪ್ಹೋಲ್‌ಸ್ಟರಿಗೆ ಅಂತಲೇ ಮಾಡಿದ್ದು ಕೇಳಿ. ಬಣ್ಣ ಕೂರೋ ಹಾಗಿದ್ಯಾ ಅಂತ ನೋಡೋಕೆ ಬಿಳಿ ಬಟ್ಟೆ ಒದ್ದೆ ಮಾಡಿ ಒಂದು ಮೂಲೆ ಜೋರಾಗಿ ಉಜ್ಜಿ, ಬಟ್ಟೆಗೆ ಬಣ್ಣ ಹತ್ತಿದ್ರೆ ಬೇಡ ಅನ್ನಿ. ಮಾಡಿಸಿದ ಮೇಲೆ ಕಾರು ನೆರಳಲ್ಲಿ ನಿಲ್ಲಿಸಿ, ವರ್ಷಕ್ಕೆರಡು ಸಲ ಚೆನ್ನಾಗಿ ಒರೆಸಿ ಕ್ರೀಮ್ ಹಚ್ಚಿ, ಮೊದಲ ಕೆಲವು ವಾರ ಸೀಟು ಸ್ವಲ್ಪ ಎತ್ತರ ಅನ್ಸುತ್ತೆ, ಫೋಮು ಕೂತ್ಕೊಂಡ ಮೇಲೆ ಸರಿಹೋಗುತ್ತೆ, ಆಗ ಒಂದ್ಸಲ ರನ್ನರ್ ಬೋಲ್ಟುಗಳನ್ನ ಮತ್ತೆ ಬಿಗಿ ಮಾಡ್ಕೊಳ್ಳಿ.